ಪ್ರಾರ್ಥನೆ ಮಾಡ್ತೀವಿ ಅಂತ ಹೇಳಿ ಸುಮ್ನಾಗೋದು ಸಾಕಾಗಿದೆ, ಕೈಯಿಂದ ಏನು ಮಾಡಬಹುದು?

'ಹಿಂದಿನ ಸಾಲು' ಅನ್ನುವ ಹೆಸರಿನವರು ಕೇಳಿದ್ದು:

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಇದೆ, ಓದಿ ಪ್ಲೀಸ್.

ನಮ್ಮದು ಚಿಕ್ಕ ಪ್ರಾರ್ಥನಾ ಗುಂಪು, ಒಂಬತ್ತು ಜನ. ಅದರಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರ ಗಂಡ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದು ಏಳು ತಿಂಗಳಾಯಿತು. ಪ್ರತಿ ವಾರ ಅವರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತೇವೆ, ಕಣ್ಣೀರು ಹಾಕಿಕೊಂಡೇ ಮಾಡುತ್ತೇವೆ. ಹೋದ ವಾರ ಎಲ್ಲ ಮುಗಿದ ಮೇಲೆ ಒಬ್ಬರು "ನಿಮಗಾಗಿ ಇನ್ನೇನು ಬೇಡಿಕೊಳ್ಳಬೇಕು ಅಕ್ಕ" ಅಂತ ಕೇಳಿದರು. ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಇದ್ದರು. ತಲೆ ಎತ್ತದೆ, "ಏನೂ ಬೇಡಪ್ಪ, ಯಾರಾದರೂ ಎರಡು ಗಂಟೆ ಬಂದು ಅವರ ಹತ್ತಿರ ಕೂತರೆ ನಾನು ಮಲಗ್ತೀನಿ" ಅಂದರು. ಯಾರೂ ಮಾತಾಡಲಿಲ್ಲ. ಒಬ್ಬರು ಹಾಡಿನ ಪುಸ್ತಕ ಜೋಡಿಸೋಕೆ ಶುರು ಮಾಡಿದರು. ಆ ಒಬ್ಬರು ನಾನೇ.

ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ನನಗೆ ಬಾಯಿಪಾಠ. ಬಟ್ಟೆಯಿಲ್ಲದವನಿಗೆ, ಆ ದಿನದ ಊಟಕ್ಕಿಲ್ಲದವನಿಗೆ 'ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ' ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಅಂತ ಕೇಳುತ್ತಾನಲ್ಲ, ಅದು. ಚಿಕ್ಕವನಿದ್ದಾಗ ಅದನ್ನು ಒಪ್ಪಿಸಿ ಬಹುಮಾನವನ್ನೂ ತಗೊಂಡಿದ್ದೆ!

ಎಲ್ಲಿಂದ ಶುರು ಮಾಡೋದು? ಅಕ್ಕನ ಮನೆ ಸರಿ, ಆಮೇಲೆ? ನಮ್ಮಲ್ಲಿ ಕೆಲವರು ಮೊದಲು ಸಭೆಯವರಿಗೆ, ಅಂದರೆ ನಮ್ಮ ಚರ್ಚಿನವರಿಗೆ, ಮಾಡೋಣ ಅಂತಾರೆ. ಹೊರಗಿನವರಿಗೆ ಮಾಡಿದರೆ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳಲೇಬೇಕು, ಇಲ್ಲದಿದ್ದರೆ ಅದು ಬರೀ ಸಮಾಜಸೇವೆ ಅಂತಾರೆ. ಮತ್ತೆ ಮೋಸ ಹೋಗುವ ಭಯ ಬೇರೆ. ಮಾಡಿ ಗೊತ್ತಿರುವವರು ಹೇಳಿ.

---

ಸೊಡರು:

ಬ್ರದರ್, ಅಕ್ಕ ವಿಳಾಸ ಸಮೇತ ಉತ್ತರ ಕೊಟ್ಟಿದ್ದಾರೆ, ಇನ್ನೆಲ್ಲಿಂದ ಶುರು ಮಾಡೋದು ಅಂತ ಕೇಳ್ತೀರಲ್ಲ!

ಬೈಯುತ್ತಿಲ್ಲ. ನಾನೂ ಹತ್ತು ವರ್ಷ ಹಾಗೇ ಇದ್ದವಳು. ಆಮೇಲೆ ನಮ್ಮ ಅಮ್ಮ ಹಾಸಿಗೆ ಹಿಡಿದಾಗ "ಏನಾದರೂ ಬೇಕಾದರೆ ಹೇಳಿ" ಅಂದವರು ನೂರು ಜನ, ಮನೆಗೆ ಬಂದವರು ಇಬ್ಬರು. ಕಷ್ಟದಲ್ಲಿರುವವರು ಫೋನ್ ಮಾಡಿ ಕೇಳೋದಿಲ್ಲ. ಕೇಳೋಕೂ ತ್ರಾಣ ಬೇಕು. 'ಶನಿವಾರ ಮೂರು ಗಂಟೆಗೆ ಬರ್ತೀನಿ, ಐದರವರೆಗೆ ಇರ್ತೀನಿ, ಆಗಬಹುದಾ?' ಅನ್ನಿ. ಅವರು ಹೂಂ ಅಥವಾ ಬೇಡ ಅಂದರೆ ಸಾಕು.

ಹೋಗುವ ಮೊದಲು ಕೆಲವು ಗೊತ್ತಿರಲಿ. ತಾನಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅಕ್ಕ ರಾತ್ರಿ ನಿದ್ದೆ ಮಾಡದಿರುವುದು ಅದಕ್ಕೇ ಇರಬೇಕು. ಸ್ವಾಧೀನ ಇಲ್ಲದ ಕೈಯನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಜರುಗುತ್ತದೆ. ಬಾಯಿಗೆ ನೀರು ಹಾಕುವ ಮುಂಚೆ ಅಕ್ಕನನ್ನು ಕೇಳಿ. ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ನುಂಗೋದು ಕಷ್ಟ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲ ದಿನ ಅಕ್ಕ ಎದುರಿಗಿರುವಾಗಲೇ ಒಂದು ಸಲ ಮಾಡಿ ನೋಡಿ.

ಎಲ್ಲ ನಾನೇ ಮಾಡ್ತೀನಿ ಅಂತಲೂ ಹೊರಡಬೇಡಿ. ಯೇಸು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಆ ಸಮಾರ್ಯದವನನ್ನೇ ನೋಡಿ. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಒಂದು ರಾತ್ರಿ ಜೊತೆಗಿದ್ದ. ಬೆಳಿಗ್ಗೆ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟ, ಆ ಕಾಲಕ್ಕೆ ಎರಡು ದಿನದ ಕೂಲಿ ಅದು. ಆಮೇಲೆ ತನ್ನ ದಾರಿ ಹಿಡಿದ. ಆದರೆ ಹೋಗುವಾಗ 'ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ' ಅಂದ. ಈ ವಾಪಸ್ ಬರೋದು ಇದೆಯಲ್ಲ, ನಮ್ಮವರು ತಪ್ಪಿಸುವುದು ಅದನ್ನೇ. ಮೊದಲ ವಾರ ಎಂಟು ಜನ ಹೋಗ್ತಾರೆ, ಮೂರನೇ ವಾರ ಒಬ್ಬರೂ ಇರೋದಿಲ್ಲ.

---

ಒಲಿವ:

ಪ್ರಾರ್ಥನೆಯನ್ನು ಇಷ್ಟು ಹಗುರ ಮಾಡಬೇಡಿ. ದೇವರು ಕೆಲಸ ಮಾಡುತ್ತಾನೆ.

---

ಹಿಂದಿನ ಸಾಲು:

ಹಗುರ ಮಾಡ್ತಿಲ್ಲ ಸಿಸ್ಟರ್. ಏಳು ತಿಂಗಳು 'ಅಕ್ಕನಿಗೆ ಸಹಾಯ ಕಳಿಸು ಕರ್ತನೇ' ಅಂತ ನಾವು ಒಂಬತ್ತು ಜನ ಬೇಡಿಕೊಂಡೆವು. ಕಳಿಸೋಕೆ ಆತನ ಹತ್ತಿರ ಒಂಬತ್ತು ಜನ ಇದ್ದೆವು ಅಲ್ವಾ, ಅದು ಹೊಳೆಯಲೇ ಇಲ್ಲ.

---

ಲೆಕ್ಕದವನು:

ಸಭೆಯ ಸಹಾಯನಿಧಿ ನೋಡಿಕೊಳ್ಳುವವನು ನಾನು. ಮೋಸದ ಬಗ್ಗೆ ಕೇಳಿದ್ದೀರಿ. ಹೌದು, ಹೋಗ್ತೀರಿ. ನಾನು ಹೋಗಿದ್ದೇನೆ. ಮಗನ ಆಪರೇಷನ್ ಅಂತ ಒಬ್ಬರು ಅತ್ತರು, ದುಡ್ಡು ಕೊಟ್ಟೆ. ಆಮೇಲೆ ನೋಡಿದರೆ ಮಗನೇ ಇರಲಿಲ್ಲ. ಆರು ತಿಂಗಳು ಯಾರಿಗೂ ಕೊಡಬಾರದು ಅನ್ನಿಸಿತ್ತು. ಆ ಆರು ತಿಂಗಳಲ್ಲಿ ನಿಜವಾಗಿ ಬೇಕಾಗಿದ್ದವರೂ ಬಂದು ಹೋದರು, ಅದು ಈಗ ಚುಚ್ಚುತ್ತದೆ.

ಈಗ ಏನು ಮಾಡ್ತೀವಿ ಅಂದರೆ, ಆಸ್ಪತ್ರೆ ಬಿಲ್ ಆದರೆ ಆಸ್ಪತ್ರೆಗೇ ಕಟ್ಟುತ್ತೇವೆ, ಬಾಡಿಗೆ ಆದರೆ ಮನೆ ಮಾಲೀಕರಿಗೆ. ಇಬ್ಬರು ಹೋಗಿ ನೋಡಿ ಬರ್ತಾರೆ, ಒಬ್ಬರೇ ಯಾವತ್ತೂ ಹೋಗೋದಿಲ್ಲ. ಪುಸ್ತಕದಲ್ಲಿ ಬರೆಯುತ್ತೇವೆ, ಆದರೆ ಹೆಸರನ್ನು ಸಭೆಯ ಮುಂದೆ ಓದೋದಿಲ್ಲ. ಇದು ಅಪನಂಬಿಕೆ ಅಂತ ಒಬ್ಬ ಹಿರಿಯರು ಸಿಟ್ಟಾದರು. ಅವರಿಗೆ ಬೈಬಲಿನಲ್ಲಿ ಪೌಲ ಬರೆದ ಎರಡನೇ ಕೊರಿಂಥ ಪತ್ರಿಕೆಯ 8ನೇ ಅಧ್ಯಾಯ ತೋರಿಸಿದೆ. ಕಾಣಿಕೆ ದುಡ್ಡಿನ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು ಅಂತ ಪೌಲನೇ ಜೊತೆಗೆ ಬೇರೆಯವರನ್ನು ಹಾಕಿಕೊಂಡ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನೂ ನೋಡಿ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಾಗ ಯೇಸುವಿನ ಶಿಷ್ಯರಾದ ಅಪೊಸ್ತಲರು ಸುಮ್ನೆ ಉಪದೇಶ ಮಾಡಿ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿ ಕೆಲಸ ಒಪ್ಪಿಸಿದರು.

ಇನ್ನೊಂದು. 'ಕೆಲಸ ಮಾಡದವನು ಊಟ ಮಾಡಬಾರದು' ಅನ್ನುವ ವಾಕ್ಯ ತಂದು ಕೆಲವರು ಬಾಗಿಲು ಹಾಕ್ತಾರೆ. ಅಲ್ಲಿ ಇರೋದು ಮಾಡಲು ಮನಸ್ಸಿಲ್ಲದವನ ಬಗ್ಗೆ. ಮಾಡಲಾಗದವನ ಬಗ್ಗೆ ಅಲ್ಲ, ಕೆಲಸ ಸಿಗದವನ ಬಗ್ಗೆಯೂ ಅಲ್ಲ.

ಹೊರಗಿನವರ ವಿಷಯ. ರೋಮ್ ಚಕ್ರವರ್ತಿ ಜೂಲಿಯನ್, 361ರಿಂದ 363ರವರೆಗೆ ಆಳಿದವನು, ಕ್ರೈಸ್ತರನ್ನು ಕಂಡರಾಗದವನು. ಅವನ ಹೆಸರಿನಲ್ಲಿ ಉಳಿದಿರುವ ಒಂದು ಪತ್ರದಲ್ಲಿ ಏನು ದೂರು ಗೊತ್ತಾ? ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆ ಅಂತ. ಆಗದವನ ಬಾಯಿಂದ ಬಂದ ಸರ್ಟಿಫಿಕೇಟ್!

---

ಕಿಟಕಿ ಪಕ್ಕ:

ನಾನು ಕೊಟ್ಟವಳಲ್ಲ, ತಗೊಂಡವಳು. ಹೇಳಬಹುದಾ?

ಪ್ರವಾಹದಲ್ಲಿ ಮನೆಗೆ ನೀರು ನುಗ್ಗಿ ಎಲ್ಲ ಹೋದಾಗ ಒಂದು ಗುಂಪು ಕಂಬಳಿ ತಂದಿತ್ತು. ಸಾಲಲ್ಲಿ ನಿಲ್ಲಿಸಿದರು. ನನ್ನ ಸರದಿ ಬಂದಾಗ ಕಂಬಳಿಯ ಒಂದು ತುದಿ ನನ್ನ ಕೈಲಿ, ಇನ್ನೊಂದು ತುದಿ ಅವರ ಕೈಲಿ, ಫೋಟೋ ಸರಿಯಾಗಿ ಬರೋವರೆಗೆ ಅವರು ಬಿಡಲಿಲ್ಲ. "ಸ್ವಲ್ಪ ನಗಿ" ಅಂದರು. ಮೂರು ದಿನ ಸ್ನಾನ ಇಲ್ಲ, ತಲೆ ಬಾಚಿಲ್ಲ. ಆ ಕಂಬಳಿ ಚೆನ್ನಾಗಿಯೇ ಇತ್ತು, ಅದನ್ನೇ ಹೊದ್ದು ಮಲಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವರ ಮುಖ ನೆನಪಿಗೆ ಬಂದರೆ ಈಗಲೂ ಮೈ ಉರಿಯುತ್ತದೆ.

ಅದೇ ವಾರ ಒಬ್ಬ ಅಜ್ಜಿ ಬಂದರು. ಅವರೂ ಸಭೆಯವರೇ ಅಂತ ಆಮೇಲೆ ತಿಳಿಯಿತು. ಸೆರಗು ಸಿಕ್ಕಿಸಿಕೊಂಡು ನನ್ನ ಜೊತೆ ಮನೆಯ ಕೆಸರು ಬಾಚಿದರು. ಒದ್ದೆಯಾಗಿದ್ದ ಮಕ್ಕಳ ಮಾರ್ಕ್ಸ್ ಕಾರ್ಡನ್ನು ಒಂದೊಂದಾಗಿ ಬಿಡಿಸಿ ಹಗ್ಗಕ್ಕೆ ಹಾಕಿದರು. ಯೇಸು ಅಂತ ಒಂದು ಮಾತೂ ಆಡಲಿಲ್ಲ. ನಾಲ್ಕನೇ ದಿನ ನಾನೇ ಕೇಳಿದೆ, ನೀವ್ಯಾಕೆ ಬರ್ತೀರಿ ಅಂತ. ಆಗ ಹೇಳಿದರು, ಎರಡೇ ನಿಮಿಷ.

ಅದಕ್ಕೇ ಸುವಾರ್ತೆ ಹೇಳಬೇಕೋ ಬೇಡವೋ ಅಂತ ನೀವು ಚರ್ಚೆ ಮಾಡೋದು ನೋಡಿದರೆ ನಗು ಬರುತ್ತದೆ. ಕೇಳಿದರೆ ಹೇಳಿ. ಕೈಯಲ್ಲಿ ಕಂಬಳಿ ಹಿಡಿದುಕೊಂಡು ಹೇಳಬೇಡಿ, ಆಗ ಎದುರಿಗಿರುವವರಿಗೆ ಬೇಡ ಅನ್ನೋ ಸ್ವಾತಂತ್ರ್ಯ ಇರೋದಿಲ್ಲ. ಬೈಬಲಿನ ಮತ್ತಾಯ 25ರಲ್ಲಿ, ನಾನು ಹಸಿದಿದ್ದಾಗ ಊಟ ಕೊಟ್ಟಿರಿ ಅಂತ ಕರ್ತ ಹೇಳಿದಾಗ, ಬಲಗಡೆ ನಿಂತವರು 'ಕರ್ತನೇ, ಯಾವಾಗ ನಿನ್ನನ್ನು ನೋಡಿದೆವು' ಅಂತ ಕೇಳ್ತಾರಲ್ಲ. ಸಹಾಯ ಮಾಡಿದ್ದೇ ಅವರಿಗೆ ನೆನಪಿಲ್ಲ ನೋಡಿ.

---

ಹಿಂದಿನ ಸಾಲು:

ಶನಿವಾರ ಹೋಗಿ ಬಂದೆ. ಅಕ್ಕ ಮೊದಲು ಇಪ್ಪತ್ತು ನಿಮಿಷ ಎಲ್ಲ ತೋರಿಸಿದರು. ದಿಂಬು ಎಲ್ಲಿಡಬೇಕು, ಯಾವ ಕಾಲು ಮೇಲೆ ಬರಬೇಕು. ಒಬ್ಬನೇ ಹೊರಳಿಸುವಾಗ ಎರಡು ಸಲ ತಪ್ಪು ಮಾಡಿದೆ. ಅಕ್ಕನ ಗಂಡ, ಆ ಅಣ್ಣನಿಗೆ ಮಾತು ಬರಲ್ಲ, ಎಡಗೈಲಿ ನನ್ನ ಮಣಿಕಟ್ಟು ಹಿಡಿದು ಸರಿಯಾದ ಜಾಗಕ್ಕೆ ಎಳೆದರು. ಅಕ್ಕ ಬಾಗಿಲು ಹಾಕಿಕೊಂಡು ಮಲಗಿದವರು ಏಳಲೇ ಇಲ್ಲ. ಐದಕ್ಕೆ ಎಬ್ಬಿಸೋಕೆ ಮನಸ್ಸು ಬರಲಿಲ್ಲ, ಆರೂವರೆಗೆ ಬಂದೆ.

ಗುಂಪಿನಲ್ಲಿ ಚೀಟಿ ಹಚ್ಚಿದ್ದೇವೆ. ಶನಿವಾರ ನಾನು, ಸೋಮವಾರ ಇನ್ನೊಬ್ಬ ಬ್ರದರ್. ಬುಧವಾರಕ್ಕೆ ಇನ್ನೂ ಯಾರೂ ಹೆಸರು ಬರೆದಿಲ್ಲ.