ಅದೇ ರೋಗಿಗಳ ಡೇಟಾದಿಂದ ಎರಡನೇ ಪೇಪರ್ ಬರೆಯಬಹುದಾ?

ಓಟಿ_ಪಿಜಿ:
ನಾನು ಅನಸ್ತೇಷಿಯಾ ಪಿಜಿ, ಮೂರನೇ ವರ್ಷ. ಸ್ಪೈನಲ್ (ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ) ಜೊತೆ ಡೆಕ್ಸ್‌ಮೆಡಿಟೊಮಿಡಿನ್ ಅನ್ನುವ ಔಷಧ ಸೇರಿಸಿದರೆ ಆಪರೇಷನ್ ಆದ ಮೇಲೆ ನೋವು ಎಷ್ಟು ಹೊತ್ತು ಬರುವುದಿಲ್ಲ ಅನ್ನುವುದು ನನ್ನ ಥೀಸಿಸ್. ಒಟ್ಟು 120 ರೋಗಿಗಳು. ಮೊದಲ 60 ಜನರ ಫಲಿತಾಂಶ ಆಗಲೇ ಒಂದು ಜರ್ನಲ್‌ನಲ್ಲಿ ಬಂದಿದೆ. ಈಗ 120 ಜನರದ್ದನ್ನೂ ಸೇರಿಸಿ ಬೇರೆ ಜರ್ನಲ್‌ಗೆ ಕಳಿಸು, ಹಳೇ ಪೇಪರಿನ ಸುದ್ದಿ ಎತ್ತಬೇಡ ಅನ್ನುತ್ತಾರೆ ಗೈಡ್. ಅವರಿಗೆ ಪ್ರಮೋಷನ್‌ಗೆ ಪೇಪರ್ ಬೇಕು. ಡೇಟಾ ನಮ್ಮದೇ, ಯಾರದ್ದೂ ಕದ್ದಿಲ್ಲ. ಒಂದೊಂದು ವಾಕ್ಯವನ್ನೂ ಹೊಸದಾಗಿ ಬರೆದಿದ್ದೇನೆ. ಹಾಗಿದ್ದರೂ ತಪ್ಪಾ?

ವಾರ್ಡ್_ರೌಂಡ್ಸ್:
ಕಾಪಿರೈಟ್ ತೊಂದರೆ ಬರಬಹುದು. ಅಕ್ಷರ ಬೇರೆ ಇದ್ದರೆ ನಕಲು ಹುಡುಕುವ ಸಾಫ್ಟ್‌ವೇರ್ ಹಿಡಿಯುವುದಿಲ್ಲ. ತುಂಬಾ ಜನ ಹೀಗೆ ಮಾಡುತ್ತಾರೆ.

ಮೆಟಾ_ಮೇಡಂ:
ಕಾಪಿರೈಟ್ ಚಿಕ್ಕ ವಿಷಯ. ನಾನು ಮೆಟಾ ಅನಾಲಿಸಿಸ್ (ಒಂದೇ ವಿಷಯದ ಹಲವು ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕುವುದು) ಮಾಡುವವಳು, ಇದರ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಹೇಳುತ್ತೇನೆ.

ನೀವು ದಿನಾ ಓಟಿಯಲ್ಲಿ ವಾಂತಿಗೆ ಒಂಡಾನ್‌ಸೆಟ್ರಾನ್ ಕೊಡುತ್ತೀರಿ, ಅಲ್ವಾ? 1997ರಲ್ಲಿ ಮಾರ್ಟಿನ್ ಟ್ರಾಮೆರ್ ಮತ್ತು ಆಕ್ಸ್‌ಫರ್ಡ್‌ನ ಸಂಗಡಿಗರು ಆ ಔಷಧದ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದರು. 9 ಪ್ರಯೋಗಗಳು ಇನ್ನೂ 14 ವರದಿಗಳಾಗಿ ಮತ್ತೆ ಅಚ್ಚಾಗಿದ್ದವು. 3,335 ರೋಗಿಗಳ ಡೇಟಾ ಮರುಕಳಿಸಿತ್ತು. ಇದು ಹಳೆಯದೇ ಅಂತ ಒಂದರಲ್ಲೂ ಸ್ಪಷ್ಟವಾಗಿ ಬರೆದಿರಲಿಲ್ಲ.

ನಿಜವಾದ ಸಂಕಟ ಮುಂದಿದೆ. ಪ್ಲಾಸಿಬೊ (ಔಷಧವಿಲ್ಲದ ಹುಸಿಮದ್ದು) ಜೊತೆ ಹೋಲಿಸಿದ, ಒಂದೇ ಸಲ ಅಚ್ಚಾದ ಪ್ರಯೋಗಗಳ ಪ್ರಕಾರ ಒಬ್ಬರಿಗೆ ವಾಂತಿ ತಪ್ಪಬೇಕಾದರೆ 9.5 ಜನರಿಗೆ ಮುಂಚಿತವಾಗಿ ಔಷಧ ಕೊಡಬೇಕು. ಮತ್ತೆ ಮತ್ತೆ ಅಚ್ಚಾದವುಗಳಲ್ಲಿ ಅದು 3.9. ಈ ಸಂಖ್ಯೆ ಚಿಕ್ಕದಾದಷ್ಟೂ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಅರ್ಥ. ಅಂದರೆ ಚೆನ್ನಾಗಿ ಬಂದ ಫಲಿತಾಂಶಕ್ಕೇ ಎರಡೆರಡು ಸಲ ಮುದ್ರಣಭಾಗ್ಯ. ಪ್ರತಿ ಪ್ರಯೋಗವನ್ನೂ ಒಂದೇ ಸಲ ಎಣಿಸಿದರೆ ಉತ್ತರ 6.4. ನಕಲುಗಳನ್ನೂ ಎಣಿಸಿದರೆ 4.9. ಔಷಧದ ಗುಣ 23% ಜಾಸ್ತಿ ಕಂಡಿತು, ಸುಮ್ನೆ.

ನಿಮ್ಮದು ಇನ್ನೂ ಕಷ್ಟದ ಕೇಸು. ಅನುಮಾನ ಬಂದಾಗ ನಾನು ಎರಡೂ ಪೇಪರಿನ ಮೊದಲ ಟೇಬಲ್ ಅಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಸರಾಸರಿ ವಯಸ್ಸು, ತೂಕ, ಗಂಡಸರೆಷ್ಟು, ಹೆಂಗಸರೆಷ್ಟು. ಪೂರ್ತಿ ನಕಲಾದರೆ ದಶಮಾಂಶದವರೆಗೂ ಒಂದೇ ಇರುತ್ತದೆ, ಸಿಕ್ಕಿಬೀಳುತ್ತದೆ. ನಿಮ್ಮ 60 ಜನರ ಸರಾಸರಿಯೇ ಬೇರೆ, 120 ಜನರದ್ದೇ ಬೇರೆ. ಎರಡು ಅಧ್ಯಯನ ಅಂತಲೇ ನಂಬುತ್ತೇನೆ. ಕೂಡಿದಾಗ 180 ಜನ. ಇಲ್ಲದ 60 ಜನರ ಬಲದ ಮೇಲೆ ಯಾವುದೋ ಊರಿನ ಡಾಕ್ಟರು ಡೋಸ್ ನಿರ್ಧರಿಸುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ.

ಓಟಿ_ಪಿಜಿ:
ಈ ದೃಷ್ಟಿಯಿಂದ ಯೋಚನೆ ಮಾಡಿರಲಿಲ್ಲ ಮೇಡಂ. ಹಾಗಾದರೆ ಉಳಿದ 60 ಜನರ ಡೇಟಾ ವ್ಯರ್ಥವಾ?

ಮೆಟಾ_ಮೇಡಂ:
ಖಂಡಿತ ಇಲ್ಲ. 120 ಜನರದ್ದನ್ನೂ ಬರೆಯಿರಿ, ಮುಚ್ಚಿಡಬೇಡಿ ಅಷ್ಟೇ. ಮೆಥಡ್ಸ್‌ನಲ್ಲೇ ‘ಇವರಲ್ಲಿ 60 ಜನರ ಫಲಿತಾಂಶ ಈ ಹಿಂದೆ ಪ್ರಕಟವಾಗಿದೆ’ ಅಂತ ಹಾಕಿ ಹಳೇ ಪೇಪರ್ ಉಲ್ಲೇಖಿಸಿ. ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ತಪ್ಪದೆ ಕೊಡಿ. ಎರಡು ಪೇಪರ್‌ಗಳನ್ನು ಒಂದೇ ಪ್ರಯೋಗ ಅಂತ ಗುರುತಿಸಲು ನನ್ನಂಥವರಿಗೆ ಅದೇ ದಾರಿ. ಸಂಪಾದಕರಿಗೆ ಬರೆಯುವ ಪತ್ರದ ಜೊತೆ ಹಳೇ ಪೇಪರಿನ ಪ್ರತಿಯನ್ನೂ ಲಗತ್ತಿಸಿ. ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮ ಕೇಳುವುದೂ ಇದನ್ನೇ. ಕೆಲವರು ಬೇಡ ಅನ್ನಬಹುದು, ಇನ್ನೊಂದು ಜರ್ನಲ್ ನೋಡಿ.

ಸ್ಟ್ಯಾಟ್ಸ್_ಅಣ್ಣ:
ಒಂದು ಮಾತು. 60 ಜನ ಆದಾಗ ಡೇಟಾ ತೆರೆದು ನೋಡುವುದು ಮೊದಲೇ ಪ್ರೋಟೊಕಾಲ್‌ನಲ್ಲಿ ಇತ್ತಾ? ಇರಲಿಲ್ಲ ಅಂದರೆ ಅದನ್ನೂ ಬರೆಯಬೇಕು. ನಡುವೆ ಒಮ್ಮೆ ನೋಡಿದರೆ ಪಿ ವ್ಯಾಲ್ಯೂ (ಫಲಿತಾಂಶ ಬರೀ ಆಕಸ್ಮಿಕವಾ ಅಂತ ಅಳೆಯುವ ಸಂಖ್ಯೆ) ಲೆಕ್ಕವೇ ಬದಲಾಗುತ್ತದೆ.

ಓಟಿ_ಪಿಜಿ:
ಇರಲಿಲ್ಲ ಸರ್, ಬರೆಯುತ್ತೇನೆ. ಗೈಡ್‌ಗೆ ಹೇಗೆ ಹೇಳಲಿ?

ಮೆಟಾ_ಮೇಡಂ:
ಜಗಳಕ್ಕೆ ಹೋಗಬೇಡಿ. ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಲೇಖಕರು) ಅವರೇ ತಾನೇ? ಆಮೇಲೆ ಯಾರಾದರೂ ಪತ್ತೆ ಹಚ್ಚಿದರೆ ಸಂಪಾದಕರ ಪತ್ರ ಬರುವುದು ಅವರಿಗೆ, ಪೇಪರ್ ಹಿಂತೆಗೆದರೆ ಪ್ರಮೋಷನ್ ಪಟ್ಟಿಯಿಂದಲೂ ಹೋಗಬಹುದು. ಇದನ್ನು ಹೇಳಿ, ಆ ಒಂದು ವಾಕ್ಯ ಸೇರಿಸಿದ ಡ್ರಾಫ್ಟನ್ನೇ ಅವರ ಕೈಗೆ ಕೊಡಿ.