ಕೋವಿಯಿಂದ ತೋಟೆ ತೆಗೆಯುವಾಗ ಈಡು ಹಾರಿದರೆ ಮನೆಯಲ್ಲಿ ಯಾವುದು ತಡೆದೀತು?

ತೋಟಿಗ, ಶಿರಸಿ:
ಬೆಳೆ ರಕ್ಷಣೆ ಲೈಸೆನ್ಸಿನ 12 ಬೋರ್ ಜೋಡಿ ನಳಿಗೆ, ಹೊರಗೆ ಕುದುರೆ (ತೋಟೆಗೆ ಬಡಿದು ಈಡು ಹಾರಿಸುವ ಕೊಕ್ಕೆ) ಇರುವ ಹಳೆ ಮಾದರಿ. ತೋಟೆ ಸಣ್ಣ ಚರೆಯ 4 ನಂಬರ್, ಕೆಲವು ದಪ್ಪ ಗುಂಡಿನ ಎಸ್‌ಜಿ. ಜಗಲಿಯಲ್ಲಿ ಖಾಲಿ ಮಾಡುವುದು ರೂಢಿ. ಎದುರಿಗೆ ಹಲಸಿನ ಬಾಗಿಲು, ಪಕ್ಕದಲ್ಲಿ ಕಬ್ಬಿಣದ ಕಪಾಟು, ಭತ್ತದ ಚೀಲ. ನಳಿಗೆ ಎತ್ತ ಹಿಡಿಯಬೇಕು?

ಕಾಳಿತೀರ, ಕಾರವಾರ:
ಯಾವುದರತ್ತಲೂ ಬೇಡ. ತುಂಬಿದ ಕೋವಿ ಹೊಸಿಲು ದಾಟಲೇಬಾರದು.

4 ನಂಬರಿನ ಚರೆ ಬರೀ 3 ಮಿ.ಮೀ. ಎಂಬ ಧೈರ್ಯ ಜಗಲಿಯಲ್ಲಿ ಕೆಲಸಕ್ಕೆ ಬಾರದು. ಮೊದಲ ಒಂದೆರಡು ಮೀಟರ್ ಚರೆ ಚದುರುವುದೇ ಇಲ್ಲ; ಸುಮಾರು 30 ಗ್ರಾಂ ಸೀಸ ಒಂದೇ ಮುದ್ದೆಯಾಗಿ, ಸೆಕೆಂಡಿಗೆ 400 ಮೀಟರಿನಷ್ಟು ವೇಗದಲ್ಲಿ ಬಡಿಯುತ್ತದೆ. ಬಾಗಿಲಲ್ಲಿ ನಾಣ್ಯದಗಲದ ತೂತು ಬಿದ್ದು, ಮರದ ಚಕ್ಕೆಗಳೂ ಒಳಕ್ಕೆ ಸಿಡಿಯುತ್ತವೆ. ಎಸ್‌ಜಿಯ ಒಂದೊಂದು ಗುಂಡೂ 8 ಮಿ.ಮೀ. ಮೀರಿದ್ದು. ಕಪಾಟಿನ ತಗಡು 1 ಮಿ.ಮೀ. ಆಸುಪಾಸು, ಫ್ರಿಜ್ಜಿನದು ಇನ್ನೂ ತೆಳು. ಹಾಸಿಗೆ, ಸೋಫಾ ಕಣ್ಣಿಗೆ ಮರೆ ಅಷ್ಟೆ. ಭತ್ತದ ಚೀಲ ಇವತ್ತು ತುಂಬಿರುತ್ತದೆ, ನಾಳೆ ಅರ್ಧ, ನೆಚ್ಚಬೇಡಿ. ಒಂದೂವರೆ ಅಡಿಯ ಮಣ್ಣಿನ ಗೋಡೆ, ಚಿರೆಕಲ್ಲಿನ ಗೋಡೆ ತಡೆಯುತ್ತವೆ. ಆದರೆ ಕಲ್ಲಿಗೆ ಹತ್ತಿರದಿಂದ ಬಿದ್ದ ಚರೆ, ಕಲ್ಲಿನ ಚೂರು ಮುಖಕ್ಕೇ ವಾಪಸ್ಸು.

ಅಂಗಳದ ಮೂಲೆಯಲ್ಲಿ, ಜನ ಓಡಾಡದ ಕಡೆ, 100 ಲೀಟರಿನ ಡ್ರಮ್ ಇಡಿ. ಹೊಳೆಮರಳು ಜರಡಿ ಹಿಡಿದು ಎರಡು ಅಡಿ ತುಂಬಿ. ಜರಡಿ ಯಾಕೆಂದರೆ ಬೆಣಚು ಉಳಿದರೆ ಅದೂ ಸಿಡಿಯುತ್ತದೆ. ಬಾಯಿಗೆ ಹಳೆ ಟ್ಯೂಬಿನ ರಬ್ಬರು ಬಿಗಿದು ನಡುವೆ ಸೀಳಿ. ಆ ಸೀಳಿನಲ್ಲಿ ನಳಿಗೆ ಮರಳಿನತ್ತ ಇರಲಿ, ಆದರೆ ಮರಳಿಗೆ ತಾಗದೆ ಮೇಲೆಯೇ ಇರಲಿ. ಬಾಯಿಗೆ ಮರಳು ಕಟ್ಟಿಕೊಂಡರೆ ನಳಿಗೆಯೇ ಸಿಡಿದೀತು. ಕಣ್ಣಿಗೆ ಕನ್ನಡಕ ಹಾಕಿ.

ಎತ್ತಿದ ಕುದುರೆಯನ್ನು ತೋಟೆ ಇರುವಾಗಲೇ ಹೆಬ್ಬೆರಳಲ್ಲಿ ಇಳಿಸಲು ಹೋಗಬೇಡಿ. ಬೆವರಿದ ಬೆರಳು ಜಾರುವುದು ಅಲ್ಲೇ. ಮೊದಲು ಕೋವಿ ಮಡಚಿ, ಎರಡೂ ತೋಟೆ ತೆಗೆದು, ನಳಿಗೆಯಲ್ಲಿ ಬೆಳಕು ಕಂಡ ಮೇಲೆ ಕುದುರೆ ಇಳಿಸಿ.

ತೋಟಿಗ, ಶಿರಸಿ:
ಉಪಕಾರ ಆಯ್ತು ಮಾರಾಯ್ರೆ. ನಮ್ಮ ಮಳೆಗೆ ಮರಳು ಒದ್ದೆಯಾಗದೆ ಇರ್ತದಾ? ತಂಡಿ ಹಿಡಿದ ತೋಟೆ ಹಾರದೇ ಇದ್ದರೆ?

ಕಾಳಿತೀರ, ಕಾರವಾರ:
ಡ್ರಮ್ಮನ್ನು ಕೊಟ್ಟಿಗೆಯ ಮಾಡಿನಡಿ ಇಡಿ. ಒದ್ದೆ ಮರಳಲ್ಲಿ ಗುಂಡು ಹೆಚ್ಚು ಆಳಕ್ಕಿಳಿಯುತ್ತದೆ, ಒಣಗಿಸಿ ತುಂಬಿ. ಉಪ್ಪಿನ ಕಡಲಮರಳು ಬೇಡ, ಕಬ್ಬಿಣದ ಡ್ರಮ್ ತುಕ್ಕು ಹಿಡಿಯುತ್ತದೆ.

ತೋಟೆ ಹಾರದಿದ್ದರೆ ತಕ್ಷಣ ಮಡಚಬೇಡಿ, ತಡವಾಗಿಯೂ ಹಾರಬಹುದು. ನಳಿಗೆ ಕ್ಷೇಮದ ಕಡೆ ಹಿಡಿದು 30 ಸೆಕೆಂಡು ಕಾದು ತೆಗೆಯಿರಿ. ಬರೀ ‘ಟುಸ್’ ಎಂದರೆ ಇನ್ನೂ ಎಚ್ಚರ: ವ್ಯಾಡ್ (ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿಲ್ಲೆ) ನಳಿಗೆಯಲ್ಲೇ ಸಿಕ್ಕಿರಬಹುದು. ತೋಟೆ ತೆಗೆದು, ಹಿಂದಿನಿಂದ ಬೆಳಕಿಗೆ ಹಿಡಿದು ನೋಡದೆ ಮುಂದಿನ ತೋಟೆ ತುಂಬಬೇಡಿ.