ತೂಕ ಇಳಿಸಬೇಕೇ, ಸ್ನಾಯು ಉಳಿಸಬೇಕೇ? ಸಹಾಯ ಬೇಕು

ನನ್ನ ತಾಯಿಗೆ ಈಗ 66 ವರ್ಷ. ತೂಕ ಬಹಳ ಕಾಲದಿಂದ 62 ಕಿಲೋ ಆಸುಪಾಸಿನಲ್ಲೇ ಇತ್ತು. ಆದರೆ ಹೊಟ್ಟೆಯ ಸುತ್ತಳತೆ ಏರುತ್ತಾ ಬಂತು, ತೋಳು ತೊಡೆಗಳು ಸೊರಗಿದವು. ಇತ್ತೀಚಿನ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಅಳತೆ) ಶೇ 6.2 ಬಂದಿದೆ, ಮಧುಮೇಹಕ್ಕೆ ಇನ್ನು ಒಂದೇ ಹೆಜ್ಜೆ.

ವೈದ್ಯರು ಐದು ಕಿಲೋ ಇಳಿಸಿ ಎಂದರು. ಊಟ ಕಡಿಮೆ ಮಾಡಿ, ನಡಿಗೆ ಹೆಚ್ಚಿಸಿದೆವು. ತೂಕ ಸ್ವಲ್ಪ ಇಳಿಯಿತು, ಶಕ್ತಿಯೂ ಇಳಿಯಿತು. ಈಗ ಕುರ್ಚಿಯಿಂದ ಏಳಲು ಕೈ ಊರಲೇಬೇಕು. ಅದನ್ನು ನೋಡಿ ಸಂಕಟವಾಗುತ್ತದೆ. ಫಿಸಿಯೋಥೆರಪಿಸ್ಟ್ ಹೇಳುವುದು ಬೇರೆಯೇ: ಈ ವಯಸ್ಸಿನಲ್ಲಿ ಬರೀ ಊಟ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಊಟದ ನಂತರ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ.

ವಯಸ್ಸಾದ ಮೇಲೆ ಚಯಾಪಚಯ (ದೇಹ ಆಹಾರದ ಶಕ್ತಿಯನ್ನು ಬಳಸುವ ಕ್ರಿಯೆ) ಕುಸಿಯುವುದು ಸಹಜ, ಬಿಡಿ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. 2021ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಬಂದ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ಶಕ್ತಿವ್ಯಯ ಹೆಚ್ಚುಕಡಿಮೆ ಸ್ಥಿರ. ನಂತರದ ಇಳಿಕೆ ವರ್ಷಕ್ಕೆ ಸುಮಾರು ಶೇ 0.7 ಮಾತ್ರ. ಹಾಗಾದರೆ ಕೈಚೆಲ್ಲಿ ಕೂರಲು ಕಾರಣವೇನಿದೆ?

ನನ್ನ ಗೊಂದಲ ಇಷ್ಟೇ. ಮೂತ್ರಪಿಂಡದ ತೊಂದರೆಯಿಲ್ಲದ ಅವರಿಗೆ ಪ್ರೋಟೀನ್ ಹೆಚ್ಚಿಸಿ, ಭಾರ ಎತ್ತುವ ವ್ಯಾಯಾಮವನ್ನು ಮೊದಲು ಆರಂಭಿಸಬೇಕೇ, ಅಥವಾ ತೂಕ ಇಳಿಸುವುದನ್ನೇ ಮುಂದುವರಿಸಬೇಕೇ? ಸುಧಾರಣೆ ತಿಳಿಯಲು ತೂಕದ ಬದಲು ಯಾವ ಅಳತೆ ನೋಡಬೇಕು: ಸೊಂಟದ ಸುತ್ತಳತೆಯೇ, ಕೈ ಹಿಡಿತದ ಬಲವೇ? ಮನೆಯ ಹಿರಿಯರಲ್ಲಿ ಇದನ್ನು ಕಂಡವರು, ವೈದ್ಯರು, ಆಹಾರತಜ್ಞರು ದಯವಿಟ್ಟು ತಿಳಿಸಿ.